ಹೊಟ್ಟೆ ತುಂಬದ ಕೌದಿ

ಗೌರಕ್ಕನಿಗೆ ತಾನು ಸತ್ತ ಸುದ್ದಿ ತಿಳಿದದ್ದು ಮೆಲ್ಬರ್ನ್ ಅಂಚಿನ ಟಾರ್ನೀಟ್‌ನ ಇಂಡಿಯನ್ ಅಂಗಡಿಯಲ್ಲಿ, ಮೆಂತ್ಯ ಸೊಪ್ಪಿನ ಕಟ್ಟು ಆರಿಸುತ್ತಿದ್ದಾಗ. ಫೆಬ್ರವರಿಯ ಮೊದಲ ಶನಿವಾರ, ಹೊರಗೆ ಮೂವತ್ತೊಂಬತ್ತು ಡಿಗ್ರಿ ಬಿಸಿಲು. ಎದುರಿಗೆ ಬಂದ ಇಂದಿರಮ್ಮ ಬುಟ್ಟಿಯನ್ನು ನೆಲಕ್ಕಿಟ್ಟು ಅವಳ ಎರಡೂ ಕೈ ಹಿಡಿದುಕೊಂಡರು.

"ಅಯ್ಯೋ ಗೌರಕ್ಕ, ನಿಮ್ಮನ್ನ ನೋಡಿದ್ರೆ ಮೈ ಜುಮ್ ಅನ್ನುತ್ತೆ ಕಣ್ರೀ. ನೀವು ಸತ್ತಾಗ ನಾನು ಎಷ್ಟು ಅತ್ತೆ ಗೊತ್ತಾ? ಎರಡು ದಿನ ಊಟ ಸೇರಲಿಲ್ಲ."

"ನಾ ಯಾವಾಗ ಸತ್ತೆನ್ರೀ ಅಮ್ಮಾ?" ಗೌರಕ್ಕ ನಗುತ್ತಲೇ ಕೇಳಿದಳು.

"ಕೊನೇ ಚಾಪ್ಟರಲ್ಲಿ. ಸ್ಟೇಷನ್ ಮುಂದೆ, ಬೆಂಚಿನ ಮೇಲೆ. ಹಳದಿ ಬಟ್ಟೆ ಹೊದ್ದುಕೊಂಡು ಕೂತವರು ಕೂತ ಹಾಗೇ..." ಇಂದಿರಮ್ಮ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಗೌರಕ್ಕ ಆರಿಸಿಟ್ಟಿದ್ದ ಒಳ್ಳೆಯ ಕಟ್ಟೊಂದನ್ನು ತಮ್ಮ ಬುಟ್ಟಿಗೆ ಹಾಕಿಕೊಂಡರು. ದುಃಖ ದುಃಖದ ಪಾಡಿಗೆ, ಸೊಪ್ಪು ಸೊಪ್ಪಿನ ಪಾಡಿಗೆ.

ಇಂದಿರಮ್ಮ ಮೈಸೂರಿನವರು, ಮಗ ಶ್ರೀನಾಥನ ಮನೆಯಲ್ಲಿದ್ದಾರೆ. ಅವರ ಮೊಮ್ಮಗಳು ನಿಹಾರಿಕಾ ಮತ್ತು ಗೌರಕ್ಕನ ಹತ್ತು ವರ್ಷದ ಮಗಳು ಕೃಪಾ ಒಂದೇ ಕ್ಲಾಸು. ಅವರು ಓದಿ ಅತ್ತದ್ದು ಒಂದು ಕನ್ನಡ ಕಾದಂಬರಿಯನ್ನು. ಬರೆದವರು ಧಾರವಾಡದ ಮಹಾಶ್ವೇತಾ, ಇಪ್ಪತ್ತು ವರ್ಷದಿಂದ ಸಿಡ್ನಿಯ ರೌಸ್ ಹಿಲ್‌ನಲ್ಲಿರುವವರು. ಹೋದ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಆ ಪುಸ್ತಕದ ಒಂದೇ ಒಂದು ಪ್ರತಿ ಮೆಲ್ಬರ್ನ್‌ನ ಪಶ್ಚಿಮದ ಸಬರ್ಬ್‌ಗಳಲ್ಲಿ ಮನೆಯಿಂದ ಮನೆಗೆ ದಾಟುತ್ತಿತ್ತು. ಕಥೆಯ ನಾಯಕಿ ಅಮಾನಿ, ಆಫ್ರಿಕಾದಿಂದ ಬಂದವಳು. ಆಫ್ರಿಕಾದಲ್ಲಿ ಯಾವ ದೇಶ ಎಂದು ಎಲ್ಲೂ ಇರಲಿಲ್ಲ. ಅಷ್ಟು ದೊಡ್ಡ ಭೂಮಿಯನ್ನು ಒಂದೇ ಊರಿನ ಹಾಗೆ ಹೇಳಿ ಮುಗಿಸಿದರೂ ನಮ್ಮ ಓದುಗರಾರೂ ಕೇಳಲಿಲ್ಲ.

ಗೌರಕ್ಕ ಆಫ್ರಿಕಾ ನೋಡಿದ್ದು ಅಟ್ಲಾಸಿನಲ್ಲಿ. ಅವಳು ಹಳಿಯಾಳ ತಾಲ್ಲೂಕಿನ ಸಿದ್ದಿಯವಳು. ನೂರಾರು ವರ್ಷದ ಹಿಂದೆ ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದಿಳಿದು, ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತಾನ. ಬಣ್ಣ ಉಳಿಯಿತು, ಗುಂಗುರು ಕೂದಲು ಉಳಿಯಿತು. ಮಾತು, ದೇವರು, ಉಪ್ಪಿನಕಾಯಿ ಎಲ್ಲ ಇಲ್ಲಿಯದಾಯಿತು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವಾಗ ಪೇಶಂಟುಗಳು ಕೇಳುತ್ತಿದ್ದರು, ಯಾವೂರು? ಹಳಿಯಾಳ ಎಂದರೆ, ಅಲ್ಲ, ಅದಕ್ಕೂ ಮೊದಲು? ಹತ್ತಾರು ವರ್ಷದ ಹಿಂದೆ ಸ್ಟೂಡೆಂಟ್ ವೀಸಾದಲ್ಲಿ ಮೆಲ್ಬರ್ನ್‌ಗೆ ಬಂದಾಗ ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂತು. ಅವಳಿಗೆ ಹೊಸದೆನಿಸಲಿಲ್ಲ. ಇಂಡಿಯನ್ನರು ಅವಳನ್ನು ಆಫ್ರಿಕನ್ ಅಂದುಕೊಂಡರು, ಆಫ್ರಿಕಾದವರು ತಮ್ಮ ಭಾಷೆಯಲ್ಲಿ ಮಾತಾಡಿಸಿ ಉತ್ತರ ಬಾರದೆ ಬೇಜಾರು ಮಾಡಿಕೊಂಡರು. ಬಾಯಿ ತೆರೆಯುವವರೆಗೆ ಯಾರವಳೋ, ತೆರೆದ ಮೇಲೆ ಯಾರವಳೂ ಅಲ್ಲ. ಅವಳು ಅದಕ್ಕೂ ಒಗ್ಗಿಕೊಂಡು, ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದು, ಕಾಯಂ ವಾಸದ ಪಿಆರ್ ಪಡೆದು, ಒಂದು ಮನೆಯನ್ನೂ ಮಾಡಿಕೊಂಡಳು. ಗಂಡ ಮಗುವಿಗೆ ಮೂರು ವರ್ಷವಾಗಿದ್ದಾಗ ಬಿಟ್ಟುಹೋದ. ಅವನಿಗೆ ಈ ಕಥೆಯಲ್ಲಿ ಇದಕ್ಕಿಂತ ಹೆಚ್ಚು ಜಾಗ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಮಹಾಶ್ವೇತಾ ಪರಿಚಯವಾದದ್ದು ಅವರ ತಾಯಿ ನೀಲಕ್ಕನಿಂದ. ನೀಲಕ್ಕ ಪಕ್ಕದ ಟ್ರುಗನಿನಾದಲ್ಲಿ ಮಗನ ಮನೆಯಲ್ಲಿದ್ದರು, ಮರೆವಿನ ಕಾಯಿಲೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಗೌರಕ್ಕ, ಮಧ್ಯಾಹ್ನದ ಮೇಲೆ ದಕ್ಷಿಣ ಸುಡಾನಿನ ಅಚೋಲ್ ಎಂಬವಳು ನೋಡಿಕೊಳ್ಳುತ್ತಿದ್ದರು. ಇಬ್ಬರೂ ಭೇಟಿಯಾಗುತ್ತಿದ್ದುದು ಬಾಗಿಲಲ್ಲಿ ಮಾತ್ರ. ಒಬ್ಬಳು ಶೂ ಹಾಕಿಕೊಳ್ಳುವಾಗ ಇನ್ನೊಬ್ಬಳು ಬಿಚ್ಚುತ್ತಿದ್ದಳು, ಕೀಲಿ ಕೈಯಿಂದ ಕೈಗೆ ಹೋಗುತ್ತಿತ್ತು, ಅಷ್ಟೆ. ಮಹಾಶ್ವೇತಾ ತಿಂಗಳಿಗೊಮ್ಮೆ ಸಿಡ್ನಿಯಿಂದ ಬಂದು, ತಾಯಿಯ ಮಂಚದ ಪಕ್ಕ ಫೋನಿನ ರೆಕಾರ್ಡರ್ ಹಚ್ಚಿಟ್ಟು, "ಹೇಳು ಗೌರಿ, ನಿಮ್ಮೂರಿನ ಸುದ್ದಿ ಹೇಳು" ಎನ್ನುತ್ತಿದ್ದರು. ಗೌರಕ್ಕ ಹೇಳುತ್ತಿದ್ದಳು. ತನ್ನ ಮಾತಿಗೆ ಕಿವಿ ಕೊಡುವವರು ಸಿಕ್ಕರೆ ಯಾರಿಗೆ ಬೇಡ?

ನೀಲಕ್ಕ ಕೊನೆಯ ದಿನಗಳಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಗೌರಕ್ಕ ಒಳಗೆ ಬಂದ ಕೂಡಲೇ ಅವಳ ಹೆಗಲಾಚೆ ನೋಡಿ, "ನಿನ್ನ ಕೂಡ ಬಂದಾಕಿ ಯಾರವಾ? ಎಷ್ಟೊತ್ತು ನಿಂದರ್ತಾಳ ಪಾಪ. ಆಕಿಗೂ ಕುಂಡ್ರಾಕ ಹೇಳು" ಎನ್ನುತ್ತಿದ್ದರು. ಮರೆವಿನವರ ಮಾತು ಎಂದು ಗೌರಕ್ಕ ಒಂದು ಕುರ್ಚಿಯನ್ನು ಎಳೆದು ಹಾಕುತ್ತಿದ್ದಳು. ಮುದುಕಿಗೆ ಸಮಾಧಾನವಾಗುತ್ತಿತ್ತು.

ಇಂದಿರಮ್ಮನಿಂದ ಪುಸ್ತಕ ತಂದು ಗೌರಕ್ಕ ಎರಡು ದಿನದಲ್ಲಿ ಓದಿದಳು. ಅಮಾನಿಯ ಎಡ ಹೆಬ್ಬೆರಳಿನ ಮೇಲೆ ಸೂಜಿ ಹೊಕ್ಕ ಗಾಯದ ಕಲೆಯಿತ್ತು. ಗೌರಕ್ಕನಿಗೂ ಇದೆ. ಅಮಾನಿ ನಗುವಾಗ ಅಂಗೈ ಬಿಟ್ಟು ಮುಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಗೌರಕ್ಕನೂ ಹಾಗೆಯೇ. ಬಿಡುವಾದಾಗ ಹಳೇ ಬಟ್ಟೆ ಸೇರಿಸಿ ಕೌದಿ ಹೊಲಿಯುವುದು, ಚಹಾಕ್ಕೆ ಉಪ್ಪಿನ ಹರಳು ಹಾಕುವುದು, ಎಲ್ಲ ಅವಳದೇ. ಆದರೆ ಆ ದೇಹದೊಳಗೆ ಬೇರೆ ಯಾರೋ ಇದ್ದರು. ಯುದ್ಧ, ಸುಟ್ಟ ಗುಡಿಸಲು, ನಡೆದೂ ನಡೆದೂ ಒಂದು ದೊಡ್ಡ ನದಿ. ನದಿ ದಾಟುವಾಗ ತಾಯಿಯ ಕೈ ಮಗಳ ಕೈಯಿಂದ ಜಾರುತ್ತದೆ. ಆಮೇಲೆ ಕ್ಯಾಂಪು, ಮೆಲ್ಬರ್ನ್, ಮುದುಕಿಯ ಸೇವೆ. ಕೊನೆಗೆ ಒಂದು ಬಿಸಿಲ ಮಧ್ಯಾಹ್ನ ಟಾರ್ನೀಟ್ ಸ್ಟೇಷನ್ ಮುಂದಿನ ಬೆಂಚಿನ ಮೇಲೆ ಹಳದಿ ಬಟ್ಟೆ ಹೊದ್ದು ಕೂತವಳು ಏಳುವುದೇ ಇಲ್ಲ. ಸಂಜೆಯವರೆಗೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಮುಗಿಸಿದಾಗ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ, ಅದೂ ಹಳದಿ ಬಟ್ಟೆಯ ದೆಸೆಯಿಂದ.

ಅವಳ ಅವ್ವ ಮಾದೇವಿ ತೀರಿಕೊಂಡದ್ದು ಕೊರೊನಾದ ಎರಡನೇ ವರ್ಷ. ಆಸ್ಟ್ರೇಲಿಯಾದ ಗಡಿ ಮುಚ್ಚಿತ್ತು, ಹೋಗಲಾಗಲಿಲ್ಲ. ಆಮೇಲೆ ಅಣ್ಣ ಅವ್ವನ ಮೂರು ಸೀರೆಗಳನ್ನು ಪಾರ್ಸೆಲ್ ಮಾಡಿದ. ಮೂರು ವರ್ಷ ಅವನ್ನು ಮುಟ್ಟಲಾರದೆ, ಹೋದ ನವೆಂಬರ್‌ನಲ್ಲಿ ಕತ್ತರಿಸಿ ಕೌದಿಗೆ ಕೂತಳು. ಸಿದ್ದಿ ಹೆಂಗಸರ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಡುವೆ ಅಂಗೈಯಗಲ ಜಾಗ ಉಳಿದಾಗ ಅದರೊಳಗೆ ಅಕ್ಕಿ ಕಾಳು ಹಾಕಿ ಮುಚ್ಚುತ್ತಾರೆ. ಅದು ಹೊಟ್ಟೆ ತುಂಬಿಸುವುದು. ಹೊಟ್ಟೆ ತುಂಬದ ಕೌದಿಯನ್ನು ಹೊದೆಯಬಾರದು, ಮಡಚಿಡಲೂ ಬಾರದು. ಇದಕ್ಕೆ ಗೌರಕ್ಕನ ಅಜ್ಜಿ ಇನ್ನೊಂದು ಮಾತು ಸೇರಿಸುತ್ತಿದ್ದಳು: ಉಟ್ಟವರ ಹೆಸರು ಗೊತ್ತಿರದ ಬಟ್ಟೆಯನ್ನು ಕೌದಿಗೆ ಹಚ್ಚಬೇಡ. ಸತ್ತವರು ಬಟ್ಟೆ ಹಿಡಿದೇ ಮನೆ ಹುಡುಕಿಕೊಂಡು ಬರುತ್ತಾರೆ.

ಡಿಸೆಂಬರ್‌ನಲ್ಲಿ ನಡುವಿಗೆ ಬಟ್ಟೆ ಸಾಲದಾಯಿತು. ಗೌರಕ್ಕ ವೆರಿಬಿಯ ಆಪ್ ಶಾಪಿಗೆ, ಅಂದರೆ ದಾನಕ್ಕೆ ಬಂದ ಹಳೇ ಸಾಮಾನು ಮಾರುವ ಅಂಗಡಿಗೆ ಹೋಗಿ ಒಂದು ಹಳದಿ ಬಟ್ಟೆ ತಂದಳು. ಅಜ್ಜಿಯ ಮಾತು ನೆನಪಾಗದೆ ಇರಲಿಲ್ಲ. ಹಳಿಯಾಳದ ದೆವ್ವಕ್ಕೆ ಮೆಲ್ಬರ್ನ್‌ಗೆ ಯಾರು ವೀಸಾ ಕೊಡುತ್ತಾರೆ ಎಂದು ತನಗೆ ತಾನೇ ನಕ್ಕು, ಕತ್ತರಿಸಿ ಹಚ್ಚಿಬಿಟ್ಟಳು. ಈಗ ಲೆಕ್ಕ ಹಾಕಿದರೆ ಪುಸ್ತಕ ಅಚ್ಚಾಗಿದ್ದುದು ಅದಕ್ಕೂ ಆರು ತಿಂಗಳು ಮೊದಲು.

ಪುಸ್ತಕ ಓದಿದ ವಾರದಿಂದ ಗೌರಕ್ಕ ತಾನಿಲ್ಲದ ಕಡೆ ಕಾಣಿಸಿಕೊಳ್ಳತೊಡಗಿದಳು. "ನಿನ್ನೆ ಸ್ಟೇಷನ್ ಹತ್ರ ಕೂತಿದ್ರಲ್ಲ, ಹಾರ್ನ್ ಮಾಡಿದ್ರೂ ತಿರುಗ್ಲಿಲ್ಲ" ಎಂದ ಶ್ರೀನಾಥ. ನಿನ್ನೆ ಅವಳು ಇಡೀ ದಿನ ಕೆಲಸದಲ್ಲಿದ್ದಳು. ಬೆಂಚಿನ ಮೇಲೆ ಕಂಡಿರೆಂದು ಅಂಗಡಿಯವನೂ ಹೇಳಿದ. ಕಾದಂಬರಿ ಓದಿದವರ ಕಣ್ಣಿಗೆ ಕಪ್ಪಗಿರುವವರೆಲ್ಲ ಅಮಾನಿ ಎಂದು ಅವಳು ತಳ್ಳಿಹಾಕಿದಳು. ಆದರೆ ಒಂದು ಮಂಗಳವಾರ ಕೃಪಾ ಸ್ಕೂಲಿಂದ ಬಂದವಳು ಬ್ಯಾಗು ಕೆಳಗಿಡದೆ ನಿಂತಳು. ಆ ಹುಡುಗಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು.

"ಅಮ್ಮಾ, ವೈ ಡಿಡಂಟ್ ಯು ವೇವ್?" ನಿಹಾರಿಕಾಳ ಮನೆಯವರ ಕಾರಿನಿಂದ ತಾನು ಕೈ ಬೀಸಿದೆ, ನೀನು ನನ್ನನ್ನೇ ನೋಡುತ್ತಿದ್ದೆ, ಕೈ ಎತ್ತಲಿಲ್ಲ ಎಂದು ಅವಳ ದೂರು.

ಕೃಪಾ ಕಾದಂಬರಿ ಓದಿದವಳಲ್ಲ. ಕನ್ನಡ ಓದಲು ಅವಳಿಗೆ ಬರುವುದೇ ಇಲ್ಲ.

"ನಾ ಅಲ್ಲಿ ಇರ್ಲೇ ಇಲ್ಲ ಪುಟ್ಟಿ."

ಕೃಪಾ ಏನೋ ಅರ್ಥವಾದವರ ಹಾಗೆ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯ ಅರ್ಥ ಗೊತ್ತಾದದ್ದು ಮುಂದಿನ ವಾರ. ಮಾರ್ಚ್‌ನಲ್ಲಿ ಸ್ಕೂಲಿನಲ್ಲಿ ಹಾರ್ಮನಿ ವೀಕ್. ಪ್ರತಿ ಮಗುವೂ ತನ್ನ ಮನೆಯವರು ಎಲ್ಲಿಂದ ಬಂದರೆಂದು ಚಾರ್ಟ್ ಮಾಡಿ ಹೇಳಬೇಕು. ಕೃಪಾಳ ಚಾರ್ಟಿನಲ್ಲಿ ಒಂದು ದೊಡ್ಡ ನದಿಯಿತ್ತು. ನದಿಯಲ್ಲಿ ಒಬ್ಬ ಹೆಂಗಸಿನ ತಲೆ ಮತ್ತು ಒಂದು ಕೈ. ಕೆಳಗೆ ಇಂಗ್ಲಿಷಿನಲ್ಲಿ "ನನ್ನ ಅಜ್ಜಿ" ಎಂದು ಬರೆದಿತ್ತು. ಇಂದಿರಮ್ಮ ಊಟದ ಹೊತ್ತಿಗೆ ಕಥೆ ಹೇಳಿದ್ದರು, ನಿಹಾರಿಕಾ ಕೃಪಾಳಿಗೆ ದಾಟಿಸಿದ್ದಳು.

"ಇದು ನಮ್ಮ ಅಜ್ಜಿ ಅಲ್ಲ. ನಮ್ಮವ್ವ ಹಳಿಯಾಳದಾಗ ಜ್ವರ ಬಂದು ತೀರ್ಕೊಂಡ್ಳು. ಯುದ್ಧ ಗಿದ್ಧ ನಾ ಟಿವಿಯೊಳಗ ನೋಡೀನಿ, ಅಷ್ಟ."

"ಪರವಾಗಿಲ್ಲ ಅಮ್ಮಾ," ಎಂದು ಮಗಳು ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಹೇಳಿದಳು, "ಟೀಚರ್ ಹೇಳಿದ್ದಾರೆ. ಇಂಥದೆಲ್ಲ ಆದವರು ಅದನ್ನು ಹೇಳಿಕೊಳ್ಳುವುದಿಲ್ಲವಂತೆ. ನಾನು ಕೇಳುವುದಿಲ್ಲ."

ಅಲ್ಲ ಎಂದಷ್ಟೂ ಹೌದಾಗುತ್ತಿತ್ತು. ಗೌರಕ್ಕ ಸಾಕ್ಷಿ ಹುಡುಕಿದಳು. ಅವ್ವ ಫೋಟೋಗೆ ನಿಲ್ಲುವವಳೇ ಅಲ್ಲ. ಇದ್ದ ಒಂದೆರಡು ಹಳೇ ಫೋನಿನ ಜೊತೆ ಹೋಗಿದ್ದವು. ಸಿಕ್ಕಿದ್ದು ಆಧಾರ್ ಕಾರ್ಡಿನ ಜೆರಾಕ್ಸು. ಅದರಲ್ಲಿ ಮುಖವಿರಬೇಕಾದ ಕಡೆ ಒಂದು ಕಪ್ಪು ಚೌಕ. ಕೃಪಾ ಅದನ್ನು ಬೆಳಕಿಗೆ ಹಿಡಿದು ನೋಡಿ ತಾಯಿಗೆ ಮರಳಿಸಿದಳು.

ಅವ್ವ ಒಮ್ಮೆ ಜ್ವರದಲ್ಲಿ ಸತ್ತಿದ್ದಳು. ಈಗ ಮಗುವಿನ ತಲೆಯೊಳಗೆ ನೀರಿನಲ್ಲಿ ಇನ್ನೊಮ್ಮೆ ಸಾಯುತ್ತಿದ್ದಳು, ಮತ್ತು ಈ ಸಲ ಪೂರ್ತಿಯಾಗಿ. ಅದನ್ನು ತಡೆಯುವುದು ಹೇಗೆಂದು ಗೌರಕ್ಕನಿಗೆ ತೋಚಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಒಂದು ಮಧ್ಯಾಹ್ನ ಕೆಲಸದ ಮನೆಯಲ್ಲಿ ಮುದುಕರೊಬ್ಬರ ಕಾಲು ತೊಳೆಯುತ್ತಿದ್ದಾಗ ಅವಳಿಗೇ ಏನೋ ನೆನಪಾಯಿತು. ಸೊಂಟದವರೆಗೆ ಕೆಂಪು ನೀರು, ಅಂಗೈಯೊಳಗೆ ಒದ್ದೆ ಬೆರಳುಗಳು, ಅವು ಒಂದೊಂದಾಗಿ ಜಾರುವುದು. ಅಷ್ಟು ಸ್ಪಷ್ಟವಾಗಿ ಅವಳಿಗೆ ಹುಬ್ಬಳ್ಳಿಯೂ ನೆನಪಿರಲಿಲ್ಲ. ಅವ್ವನ ದನಿಯನ್ನು ನೆನಪಿಸಿಕೊಳ್ಳಲು ನೋಡಿದಳು, ಬರಲಿಲ್ಲ. ಬೇಸಿನ್‌ನ ನೀರು ಆರುವವರೆಗೆ ಹಾಗೇ ಕೂತಿದ್ದಳು.

ಮಾರ್ಚ್‌ನ ಲೇಬರ್ ಡೇ ರಜೆಯಲ್ಲಿ ಕೃಪಾಳನ್ನು ಇಂದಿರಮ್ಮನ ಮನೆಯಲ್ಲಿ ಬಿಟ್ಟು ಸಿಡ್ನಿಗೆ ವಿಮಾನ ಹತ್ತಿದಳು. ಕೇಳಬೇಕಾದವರನ್ನೇ ಕೇಳಬೇಕು. ರೌಸ್ ಹಿಲ್ ಮೆಟ್ರೋ ಇಳಿದು ಕಾಲು ಗಂಟೆ ನಡೆದರೆ ಮಹಾಶ್ವೇತಾರ ಮನೆ. ಅವರು ಪ್ರೀತಿಯಿಂದಲೇ ಒಳಗೆ ಕರೆದರು, ಅವಲಕ್ಕಿ ಹಚ್ಚಿಕೊಟ್ಟರು. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ಜಗಳ ಸಲೀಸಾಗುತ್ತಿತ್ತು.

"ಅಕ್ಕಾರ, ನನ್ನ ಮೈ ತಗೊಂಡು ಅದರೊಳಗ ಯಾರನ್ನ ಕುಂಡ್ರಿಸೀರಿ?"

ಮಹಾಶ್ವೇತಾ ಎದುರಿನ ಕುರ್ಚಿ ಎಳೆದು ಕೂತರು. "ನಿನ್ನ ಕಥಿಯೊಳಗ ಏನೂ ಆಗೂದಿಲ್ಲಲ್ಲ ಗೌರಿ. ನರ್ಸಿಂಗ್ ಓದಿದಿ, ವೀಸಾ ಸಿಕ್ತು, ಬಂದಿ. ಸಿದ್ದಿ ಅಂತ ಬರದ್ರ ಇಪ್ಪತ್ತು ಪುಟ ಅದನ್ನ ತಿಳಿಸಿ ಹೇಳಬೇಕು. ಆಫ್ರಿಕಾ ಅಂದ್ರ ಓದೂ ಮಂದಿಗೆ ಮೊದಲs ಗೊತ್ತಿರ್ತದ, ಏನಾಗಿರಬೇಕು ಅಂತ. ಕಷ್ಟ ಇರಬೇಕು, ಯುದ್ಧ ಇರಬೇಕು. ಅದಕ್ಕ ಇನ್ನೊಬ್ಬಾಕಿಯ ಕಷ್ಟ ತಂದು ನಿನಗ ಹಚ್ಚಿದೆ."

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಗೌರಕ್ಕ ಅವಲಕ್ಕಿಯ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟಳು. "ಇನ್ನೊಬ್ಬಾಕಿ ಅಂದ್ರ ಯಾರು?"

"ಅಚೋಲ್. ನಮ್ಮವ್ವನ ತಲಿ ತೊಳ್ಯೋವಾಗ ಇಂಗ್ಲಿಷಿನಾಗ ತನ್ನಷ್ಟಕ್ಕ ತಾನs ಹೇಳ್ತಿದ್ಲು. ಅವ್ವಗ ತಿಳಿಯೂದಿಲ್ಲ ಅಂತ ಧೈರ್ಯ. ನಾ ಮೂಲ್ಯಾಗ ಕೂತು ಕೇಳ್ತಿದ್ದೆ."

"ಮತ್ತ ಆಕಿನ್ನ ಯಾಕ ಕೊಂದ್ರಿ?"

ಆಗ ಮಹಾಶ್ವೇತಾರ ಮುಖ ಬಣ್ಣಗೆಟ್ಟಿತು. ಎದ್ದು ಹೋಗಿ ಕಿಟಕಿಯ ಪರದೆ ಎಳೆದು ಬಂದರು, ಹೊರಗೆ ನಡುಮಧ್ಯಾಹ್ನ. "ನಾ ಕೊಲ್ಲಲಿಲ್ಲ. ಆಕಿ ರೈಲು ಹತ್ತಿ ಹೋಗತಾಳ ಅಂತ ಬರದಿದ್ದೆ. ಮರುದಿನ ಓದಿದ್ರ ಬೆಂಚಿನ ಮ್ಯಾಲೆ ಕೂತಿದ್ಲು. ಅಳಿಸಿ ಮತ್ತ ಹತ್ತಿಸಿದೆ, ಮತ್ತ ಕೂತಿದ್ಲು. ನಾಕು ಸಲ ಎಬ್ಬಿಸಾಕ ನೋಡಿದೆ ಗೌರಿ. ಏಳಲಿಲ್ಲ. ಆ ಹಳದಿ ಬಟ್ಟೀನೂ ನಾ ಬರದಿದ್ದಲ್ಲ. ಎಲ್ಲಿಂದ ಬಂತೋ ಇವತ್ತಿಗೂ ತಿಳಿದಿಲ್ಲ."

ಗೌರಕ್ಕ ಬಂದ ದಾರಿಯಲ್ಲೇ ತಿರುಗಿ ಹೋದಳು. ಮೆಟ್ರೋದ ಗಾಜಿನಲ್ಲಿ ತನ್ನ ಮುಖ ಕಾಣುತ್ತಿತ್ತು. ಅದನ್ನು ನೋಡಲು ಧೈರ್ಯ ಸಾಲದೆ ಇಡೀ ದಾರಿ ತನ್ನ ಹೆಬ್ಬೆರಳಿನ ಕಲೆಯನ್ನೇ ನೋಡುತ್ತ ಕೂತಳು.

ಮರುವಾರದ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಕೆಲಸ ಮುಗಿದ ಮೇಲೆ, ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿದಳು. ನೆರಳಿಲ್ಲದ ಊರು ಅದು. ಒಂದೇ ಅಚ್ಚಿನ ಮನೆಗಳ ಸಾಲು, ನಡುನಡುವೆ ಕಟ್ಟಿ ಮುಗಿಯದ ಮನೆಗಳ ಬರೀ ಮರದ ಚೌಕಟ್ಟು, ಅವುಗಳ ಮೂಲಕ ಹಾಯುವ ಬಿಸಿಗಾಳಿ. ದೂರದ ಬೆಂಚಿನ ಮೇಲೆ ಒಬ್ಬ ಹೆಂಗಸು ಬೆನ್ನು ಹಾಕಿ ಕೂತಿದ್ದಳು. ಹಳದಿ ಹೊದ್ದಿದ್ದಳು. ಗೌರಕ್ಕ ಅವಳತ್ತ ನಡೆದಳು. ಮಗಳ ಚಾರ್ಟಿನ ಆ ಕೈ ಕಣ್ಣ ಮುಂದಿತ್ತು, ಹಿಂದೆ ಹೋಗುವ ಹಾಗಿರಲಿಲ್ಲ.

ಹತ್ತಿರ ಬಂದಾಗ ಹಳದಿ ಇರಲಿಲ್ಲ. ಕೂತವಳ ಮೈಮೇಲೆ ಇದ್ದದ್ದು ಕೆಲಸದ ನೀಲಿ ಯೂನಿಫಾರ್ಮ್. ಅವಳು ತಿರುಗಿದಳು. ಅಚೋಲ್.

"ಕೊನೆಗೂ ತಿರುಗಿ ಮಾತಾಡುವ ಮನಸ್ಸು ಬಂತಾ?" ಎಂದಳು ಅಚೋಲ್ ಇಂಗ್ಲಿಷಿನಲ್ಲಿ. "ಎರಡು ತಿಂಗಳಿಂದ ನಿನ್ನನ್ನು ಇಲ್ಲಿ ನೋಡುತ್ತಿದ್ದೇನೆ. ಬಸ್ಸಿನಿಂದ ಕೂಗುತ್ತೇನೆ, ನೀನು ಓಗೊಡುವುದಿಲ್ಲ. ಇವತ್ತು ನಾನೇ ಮೊದಲು ಬಂದು ಕಾಯೋಣ ಅಂತ ಕೂತೆ."

"ನಾನು ಈ ಬೆಂಚಿನ ಮೇಲೆ ಇವತ್ತಿನವರೆಗೆ ಕೂತಿಲ್ಲ," ಎಂದಳು ಗೌರಕ್ಕ. "ನಾನು ಅದು ನೀನು ಅಂದುಕೊಂಡಿದ್ದೆ."

ಗೌರಕ್ಕ ಬೆಂಚಿನ ಈ ತುದಿಗೆ ಕೂತಳು, ಅಚೋಲ್ ಆ ತುದಿಯಲ್ಲಿದ್ದಳು, ನಡುವೆ ಒಬ್ಬರು ಕೂರುವಷ್ಟು ಜಾಗ ತಾನಾಗಿ ಉಳಿದಿತ್ತು. ಇಬ್ಬರೂ ಆ ಜಾಗವನ್ನು ನೋಡಿದರು. ಗೌರಕ್ಕನಿಗೆ ನೀಲಕ್ಕನ ಮಾತು ನೆನಪಾಯಿತು, ಆಕಿಗೂ ಕುಂಡ್ರಾಕ ಹೇಳು.

ಅವಳು ಕಾದಂಬರಿಯ ಸಂಗತಿ ಹೇಳಿದಳು. ತನ್ನ ಹೆಬ್ಬೆರಳು, ತನ್ನ ನಗು, ನದಿ, ಜಾರಿದ ಕೈ, ಎಲ್ಲ. ಅಚೋಲ್ ಅಳಲಿಲ್ಲ. ಇಂಡಿಯನ್ ಮುದುಕಿಯರು ಬೀದಿಯಲ್ಲಿ ತನ್ನ ಕೈ ಹಿಡಿದು ತಿಳಿಯದ ಭಾಷೆಯಲ್ಲಿ ಯಾಕೆ ಅಳುತ್ತಿದ್ದರೆಂದು ಈಗ ಗೊತ್ತಾಯಿತು ಎಂದಷ್ಟೇ ಹೇಳಿದಳು. ಆಮೇಲೆ ಕೇಳಿದಳು, "ಆ ಪುಸ್ತಕದಲ್ಲಿ ನನ್ನ ತಾಯಿಯ ಹೆಸರಿದೆಯಾ?"

"ಇಲ್ಲ. ಬರೀ ತಾಯಿ ಅಂತ ಇದೆ."

"ಅಬುಕ್," ಎಂದಳು ಅಚೋಲ್. "ಅವಳ ಹೆಸರು ಅಬುಕ್. ನಮ್ಮ ಮನೆಯಲ್ಲಿ ಹೋದವರ ಹೆಸರನ್ನು ಹುಟ್ಟಿದವರಿಗೆ ಇಡುತ್ತೇವೆ. ನನಗೆ ಇಬ್ಬರೂ ಗಂಡುಮಕ್ಕಳು, ಹೆಸರು ಹಾಗೇ ಉಳಿದುಹೋಯಿತು. ಅವತ್ತು ಅವಳ ಮೈಮೇಲೆ ಹಳದಿ ಬಟ್ಟೆ ಇತ್ತು. ಕೈ ಜಾರಿದ ಮೇಲೂ ನೀರಿನಲ್ಲಿ ಬಹಳ ದೂರ ಹಳದಿ ಕಾಣುತ್ತಿತ್ತು." ಆಮೇಲೆ ಹೇಳಿದಳು, "ಆ ಬಟ್ಟೆಯ ವಿಷಯ ನಾನು ಆ ಮುದುಕಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ."

ಗೌರಕ್ಕ ಎದ್ದು ನಿಂತಳು. "ನಮ್ಮನೆಗೆ ಬಾ. ಈಗಲೇ ಬಾ."

ಕೃಪಾ ಡೈನಿಂಗ್ ಟೇಬಲ್ಲಿನಲ್ಲಿ ಚಾರ್ಟಿನ ನದಿಗೆ ಬಣ್ಣ ಹಾಕುತ್ತಿದ್ದಳು. ನಾಳೆಯೇ ಅದನ್ನು ಕ್ಲಾಸಿನಲ್ಲಿ ಹೇಳಬೇಕಿತ್ತು. ಅಚೋಲ್ ಬಾಗಿಲಲ್ಲೇ ನಿಂತು ಆ ಚಿತ್ರವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ಮಗುವಿನ ಪಕ್ಕದ ಕುರ್ಚಿಯಲ್ಲಿ ಕೂತು, ನೀರಿನ ಮೇಲಿದ್ದ ಆ ಕೈಯ ಮೇಲೆ ಬೆರಳಿಟ್ಟಳು.

"ಇದು ನನ್ನ ಅಮ್ಮ, ಮಗೂ. ನಿನ್ನ ಅಜ್ಜಿಯಲ್ಲ. ಆ ನದಿಯಲ್ಲಿದ್ದವಳು ನಾನು. ಅವಳನ್ನು ನನಗೆ ಕೊಟ್ಟುಬಿಡುತ್ತೀಯಾ?"

ಕೃಪಾ ತಾಯಿಯ ಮುಖ ನೋಡಿದಳು, ಬಂದವಳ ಮುಖ ನೋಡಿದಳು. ತಾಯಿಯ ನೂರು ಮಾತಿನಲ್ಲಿ ಆಗದಿದ್ದದ್ದು ಆ ಒಂದು ಮಾತಿನಲ್ಲಿ ಆಯಿತು. ಚಾರ್ಟನ್ನು ಮೆಲ್ಲಗೆ ಸುತ್ತಿ ಅಚೋಲ್‌ಳ ಕೈಗಿಟ್ಟು, ಇಂಗ್ಲಿಷಿನಲ್ಲೇ ಕೇಳಿದಳು, "ಹಾಗಾದರೆ ನನ್ನ ಅಜ್ಜಿ ಎಲ್ಲಿ?"

ಗೌರಕ್ಕ ಕೋಣೆಯಿಂದ ಕೌದಿ ತಂದು ನೆಲದ ಮೇಲೆ ಹಾಸಿದಳು. ಮಗಳ ಕೈ ಹಿಡಿದು ಬಟ್ಟೆಯ ಮೇಲೆ ನಡೆಸಿದಳು. "ಈ ಹಸಿರು ಸೀರಿ ಉಟ್ಕೊಂಡು ಹಳಿಯಾಳದ ಸಂತಿಗೆ ಹೋಗ್ತಿದ್ಲು. ಈ ಕೆಂಪಂದು ನನ್ನ ನರ್ಸಿಂಗ್ ರಿಜಲ್ಟ್ ಬಂದಾಗ ಉಟ್ಟಿದ್ದು. ಕೋಳಿಗೆಲ್ಲಾ ಹೆಸರು ಹಿಡಿದು ಬೈತಿದ್ಲು. ಗೊರಕಿ ಹೊಡೀತಿದ್ಲು. ಮಗಳು ನರ್ಸು, ಆದ್ರ ಇಂಜೆಕ್ಷನ್ ಅಂದ್ರ ಹಿತ್ತಲಕ್ಕ ಓಡ್ತಿದ್ಲು."

"ದಟ್ಸ್ ಆಲ್?"

"ಅಷ್ಟ ಪುಟ್ಟಿ. ಆಕಿಗೆ ಏನೂ ಆಗ್ಲಿಲ್ಲ. ಅದs ಆಕಿ ಪುಣ್ಯ." ಹೇಳುತ್ತಿದ್ದ ಹಾಗೆ ಗೌರಕ್ಕನ ಕಿವಿಯೊಳಗೆ ಅವ್ವ ಕೋಳಿಗಳನ್ನು ಬೈಯುವ ದನಿ ಪೂರಾ ಬಂತು, ಸ್ವಲ್ಪ ಒಡಕು ದನಿ, ಕೊನೆಗೆ ಮೇಲೇರುವಂಥದು. ಅವಳಿಗೆ ಅಳು ತಡೆಯಲಾಗಲಿಲ್ಲ.

ನಡುವಿನ ಹಳದಿ ಬಟ್ಟೆಯನ್ನು ಅಚೋಲ್ ಮುಟ್ಟಿ ನೋಡಿದಳು. ಅದೇ ಬಟ್ಟೆ ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. "ಇದಕ್ಕೊಂದು ಹೆಸರು ಬೇಕು," ಎಂದಳು ಗೌರಕ್ಕ, "ಹೆಸರಿಲ್ಲದೆ ನಾನು ಹಚ್ಚಿಬಿಟ್ಟೆ. ತಪ್ಪು ನನ್ನದು." ಅಕ್ಕಿ ಡಬ್ಬಿ ತಂದಳು. ಒಂದು ಹಿಡಿ ತಾನು ಹಾಕಿ ಮಾದೇವಿ ಎಂದಳು. ಒಂದು ಹಿಡಿ ಅಚೋಲ್ ಹಾಕಿ ಅಬುಕ್ ಎಂದಳು. ಸೂಜಿ ಹಿಡಿದವಳು ಕೃಪಾ; ಅಂಕುಡೊಂಕಾಗಿ ಹೊಲಿದು ಬಾಯಿ ಮುಚ್ಚಿದಳು. ಕೊನೆಯ ಹೊಲಿಗೆ ಬಿದ್ದಾಗ ಮನೆಯೊಳಗೆ ಯಾರೋ ಬಹಳ ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟ ಸದ್ದಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಅಲ್ಲ.

ಮರುದಿನ ಬೆಳಿಗ್ಗೆ ಗೌರಕ್ಕ ತಾನೇ ಮಗಳನ್ನು ಸ್ಕೂಲಿಗೆ ಕರೆದೊಯ್ದಳು. ಹಿಂದಿನ ಸೀಟಿನಲ್ಲಿ ಕೃಪಾ, ಅವಳ ತೊಡೆಯ ಮೇಲೆ ಮಡಚಿದ ಕೌದಿ. ಚಾರ್ಟಿನ ಬದಲು ಅದನ್ನೇ ಹಾಸಿ ಹೇಳುವುದೆಂದು ನಿಶ್ಚಯವಾಗಿತ್ತು. ಸ್ಟೇಷನ್ ಹತ್ತಿರ ಬಂದಾಗ ಗೌರಕ್ಕ ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು ರಸ್ತೆಯನ್ನಷ್ಟೇ ನೋಡುತ್ತಿದ್ದಳು. ಕನ್ನಡಿಯಲ್ಲಿ ಮಗಳು ಕೈಯೆತ್ತಿ ಬೀಸುವುದು ಕಂಡಿತು.

"ಅಮ್ಮಾ," ಎಂದಳು ಕೃಪಾ, ಹುಟ್ಟಿದ ಮೇಲೆ ಮೊದಲ ಸಲ ತಾನಾಗಿಯೇ ಕನ್ನಡದಲ್ಲಿ, "ಇವತ್ತು ಕೈ ಬೀಸಿದ್ಲು."

"ಯಾರು?"

"ಅಬುಕ್ ಅಜ್ಜಿ. ನಮ್ಮ ಅಜ್ಜಿನೂ ಪಕ್ಕದಲ್ಲಿ ಕೂತಿದ್ಲು. ಹಸಿರು ಸೀರೆ."